ಗೇಟಕ್ಕನ ಸರದಿ ಪುಸ್ತಕ

ಬೆಳಿಗ್ಗೆ ಆರೂ ಮುಕ್ಕಾಲಿಗೆ ಗೇಟಕ್ಕ ತನ್ನ ಕೋಣೆಯ ಗಾಜು ಒರೆಸುತ್ತಾಳೆ. ಮೂರು ಕಡೆ ಗಾಜು, ಒಂದು ಕಡೆ ಬಾಗಿಲು. ಒಳಗೆ ಒಂದು ಬೆಂಚು, ಒಂದು ಕಂಪ್ಯೂಟರ್, ಗೇಟಿನ ಕಂಬಿ ಏರಿಸುವ ಹಸಿರು ಗುಂಡಿ. ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದರೆ ಎರಡನೇ ಸಲಕ್ಕೇ ನೀರು ಮಸಿಯಾಗುವುದು ವಾಡಿಕೆ. ಆ ಮಂಗಳವಾರ ಅಷ್ಟು ಕಪ್ಪಾಗಲಿಲ್ಲ. ಕಾರಣ ಅವಳಿಗೆ ಗೊತ್ತಿತ್ತು. ಗೋದಾಮಿನ ಗೋಡೆ ಪಕ್ಕದ ಬೀದಿಯಲ್ಲಿ ಹಿಂದಿನ ದಿನ ಮಧ್ಯಾಹ್ನದಿಂದ ಒಂದು ಲಾರಿಯೂ ನಿಂತಿರಲಿಲ್ಲ.

ನಿಲ್ಲಿಸಬಾರದು ಅಂತ ಅಪ್ಪಣೆಯಾಗಿತ್ತು. ಮೂರು ದಿನ ಯಾರೋ ಅಳತೆಗೆ ಬರುತ್ತಾರೆ, ಅಲ್ಲಿಯವರೆಗೆ ಲಾರಿಗಳೆಲ್ಲ ಊರಾಚೆಯ ಇಟ್ಟಿಗೆ ಭಟ್ಟಿಯ ಮೈದಾನದಲ್ಲಿ ಇರಲಿ, ಮಾಲು ಇಳಿಸುವ ಬಾಗಿಲು ಖಾಲಿಯಾದ ಹಾಗೆ ಎರಡೆರಡನ್ನೇ ಫೋನ್ ಮಾಡಿ ಕರೆಸಿಕೋ ಅಂತ ಯಾರ್ಡ್ ಸೂಪರ್‌ವೈಸರ್ ಹೇಳಿದ್ದ. ಅದರಲ್ಲಿ ಅವಳಿಗೆ ವಿಶೇಷ ಏನೂ ಕಾಣಲಿಲ್ಲ. ತಪಾಸಣೆ ಬಂದಾಗ ಕಸ ಗುಡಿಸುತ್ತಾರೆ, ಲಾರಿಯನ್ನೂ ಗುಡಿಸಿದ್ದಾರೆ ಅಂದುಕೊಂಡಳು.

ಏಳಕ್ಕೆ ಅಳತೆಯ ಮೇಡಂ ಬಂದರು. ಮೂವತ್ತರ ಆಸುಪಾಸು, ಧೂಳು ಹಿಡಿದ ಬೂಟು, ಹೆಗಲ ಮೇಲೆ ಮೂರು ಕಾಲಿನ ಕಬ್ಬಿಣದ ನಿಲುವು, ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ. ಅವರು ಹೊಗೆ ಅಳೆಯುವುದನ್ನು ನೋಡಿ ಮಧ್ಯಾಹ್ನದೊಳಗೆ ಡ್ರೈವರ್‌ಗಳು ಅವರಿಗೆ ಹೊಗೆ ಮೇಡಂ ಅಂತ ಹೆಸರಿಟ್ಟಾಗಿತ್ತು.

"ಒಳಗೆ ಹೋಗೋಕೆ ಮುಂಚೆ ಲಾರಿಗಳು ಎಷ್ಟು ಹೊತ್ತು ಕಾಯ್ತವೆ, ಅಕ್ಕಾ?"

"ಎಲ್ಲಿ ಕಾಯ್ತವೆ ಮೇಡಂ? ಬರ್ತವೆ, ಹೋಗ್ತವೆ. ಕಾಯೋದೇ ಇಲ್ಲ ಇಲ್ಲಿ."

ಯೋಚಿಸಿ ಕೊಟ್ಟ ಉತ್ತರವಲ್ಲ ಅದು. ಹದಿನಾರು ವರ್ಷದಿಂದ ದಿನಕ್ಕೆ ಇಪ್ಪತ್ತು ಸಲ ಅವಳು ಫೋನಿನಲ್ಲಿ ಹೇಳುತ್ತಾ ಬಂದಿರುವ ಮಾತು. ಲಾರಿ ಮಾಲೀಕರು ಫೋನ್ ಮಾಡಿ, ನಮ್ಮ ಗಾಡಿ ಎಲ್ಲಿ, ಆ ಸೋಮಾರಿ ಎಲ್ಲಿ ಬಿದ್ದುಕೊಂಡಿದ್ದಾನೆ ಅಂತ ರೇಗುತ್ತಾರೆ. ಡ್ರೈವರ್ ಬೈಸಿಕೊಳ್ಳಬಾರದು, ಗೋದಾಮಿನ ಹೆಸರೂ ಕೆಡಬಾರದು. "ಇಗೋ ಈಗ ಒಳಗೆ ಹೋಯ್ತು, ಕಾಯೋದೇ ಇಲ್ಲ ಇಲ್ಲಿ" ಅಂದುಬಿಟ್ಟರೆ ಹಾವೂ ಸಾಯದು, ಕೋಲೂ ಮುರಿಯದು. ನಾಲಿಗೆಗೆ ಆ ದಾರಿ ಎಷ್ಟು ರೂಢಿಯಾಗಿತ್ತೆಂದರೆ ಕೇಳುವವರು ಯಾರು ಅಂತ ನೋಡುವ ಮೊದಲೇ ಅದು ಹೊರಟುಬಿಟ್ಟಿತು.

ಮೇಡಂ ಕಂಪ್ಯೂಟರ್ ನೋಡಿದರು. ಕಂಬಿ ಏರಿದ ಹೊತ್ತು, ಲಾರಿ ಬಾಗಿಲಿಗೆ ತಾಗಿದ ಹೊತ್ತು, ನಡುವೆ ಸರಾಸರಿ ಹನ್ನೆರಡು ನಿಮಿಷ. ಹಲಗೆಯ ಮೇಲಿನ ಕಾಗದದಲ್ಲಿ ಬರೆದುಕೊಂಡರು: ಕಾಯುವ ಸಮಯ ಹನ್ನೆರಡು ನಿಮಿಷ, ಗೇಟಿನ ಹೊರಗೆ ಕಾಯುವುದು ಇಲ್ಲ, ಹೇಳಿದವರು ಗೇಟ್ ಸಿಬ್ಬಂದಿ. "ಇಲ್ಲೊಂದು ಸಹಿ ಹಾಕಿ." ಗೇಟಕ್ಕ ಹಾಕಿದಳು. ಆಗ ಏಳು ಇಪ್ಪತ್ತು.

ಬೆಂಚಿನ ಕೆಳಗೆ, ಅವಳ ಕಾಲಿಗೆ ತಾಗುವಷ್ಟು ಹತ್ತಿರದಲ್ಲಿ, ಒಂದು ರಟ್ಟಿನ ಪೆಟ್ಟಿಗೆ ಇತ್ತು. ಅದರೊಳಗೆ ಹತ್ತೊಂಬತ್ತು ಪುಸ್ತಕ.

ಹನ್ನೊಂದು ವರ್ಷದ ಹಿಂದೆ ಇಬ್ಬರು ಡ್ರೈವರ್‌ಗಳು ನಾನು ಮೊದಲು, ತಾನು ಮೊದಲು ಅಂತ ಜಗಳಕ್ಕೆ ಬಿದ್ದು, ಜಾಕ್ ತಿರುಗಿಸುವ ರಾಡಿನಿಂದ ಒಬ್ಬನ ಮೂರು ಹಲ್ಲು ಹೋಗಿದ್ದವು. ಮಾರನೆಯ ದಿನದಿಂದ ಗೇಟಕ್ಕ ಬರೆಯತೊಡಗಿದಳು. ಲಾರಿ ನಂಬರು, ಬೀದಿಗೆ ಬಂದ ಹೊತ್ತು, ಒಳಗೆ ಕರೆದ ಹೊತ್ತು. ಯಾರೂ ಬರೆ ಅನ್ನಲಿಲ್ಲ, ಯಾರೂ ಕೇಳಲಿಲ್ಲ. ಕಂಪ್ಯೂಟರಿಗೆ ಲಾರಿ ಹುಟ್ಟುವುದೇ ಕಂಬಿ ಏರಿದ ಮೇಲೆ, ಅದಕ್ಕೆ ಮುಂಚಿನದೆಲ್ಲ ಇವಳ ಪುಸ್ತಕದಲ್ಲಿ. ಅಂದಿನಿಂದ ಬೀದಿಯಲ್ಲಿ ಯಾರೂ ಕೈ ಎತ್ತಿಲ್ಲ. "ಅಕ್ಕನ ಪುಸ್ತಕದಲ್ಲಿ ಏನಿದೆಯೋ ಅದೇ ಸೈ" ಅನ್ನುತ್ತಾರೆ. ಭಟ್ಟಿ ಮೈದಾನಕ್ಕೆ ಅಟ್ಟಿದ ಮೇಲೂ ಅವರು ಬಂದ ಕೂಡಲೇ ಅವಳಿಗೆ ಫೋನ್ ಮಾಡಿ, "ಬರ್ಕೊಳ್ಳಕ್ಕಾ, ಬಂದಿದ್ದೀನಿ" ಅಂತ ಸರದಿ ಹಿಡಿಯುತ್ತಿದ್ದರು. ಅವಳು ಬರೆದುಕೊಳ್ಳುತ್ತಿದ್ದಳು.

ಸಹಿ ಹಾಕಿದ ಕಾಗದ ಯಾವುದಕ್ಕೆ ಅಂತ ಗೊತ್ತಾದದ್ದು ಹನ್ನೊಂದು ಗಂಟೆಗೆ, ಮೇಡಂ ಟೀ ಕುಡಿಯಲು ಕೋಣೆಗೆ ಬಂದಾಗ. ಅವರು ಬೆಂಚಿನ ಮೇಲೆ ಒಂದು ದೊಡ್ಡ ನಕ್ಷೆ ಹರಡಿ, ಹಾರದಿರಲಿ ಅಂತ ಒಂದು ಮೂಲೆಗೆ ಲೋಟ ಇಟ್ಟರು. ಗೋದಾಮಿನ ಉದ್ದ ಚೌಕ, ಹದಿನಾಲ್ಕು ಬಾಗಿಲು. ಪಕ್ಕದ ಬೀದಿಯ ಬದಿಗೆ ಕೆಂಪು ಗೆರೆಯಲ್ಲಿ ಇನ್ನೂ ಹನ್ನೆರಡು.

"ಇದೇನು ಮೇಡಂ ಕೆಂಪು?"

"ಹೊಸದಾಗಿ ಕಟ್ಟೋದು. ಇದು ಎರಡನೇ ಗೇಟು, ಪಕ್ಕದ ಬೀದಿಗೆ ತೆರೆಯತ್ತೆ. ಅದರ ಅರ್ಜಿಗೇ ಈ ಅಳತೆ. ಹೊಗೆ, ಶಬ್ದ, ಕರೆಂಟು, ಡೀಸೆಲ್ಲು, ಎಲ್ಲಾ. ಲಾರಿ ಕಾಯದೆ ಇದ್ರೆ ಬೀದಿಯವರಿಗೆ ತೊಂದರೆ ಇಲ್ಲ ಅಂತ ನಗರ ಕಚೇರಿ ಒಪ್ಪತ್ತೆ."

ಗೇಟಕ್ಕ ಬೀದಿಯ ಚೌಕಗಳನ್ನು ಬೆರಳಿಟ್ಟು ಎಣಿಸಿದಳು. ಪಂಕ್ಚರ್ ಅಂಗಡಿ. ಅದಕ್ಕೆ ಅಂಟಿದ ಎರಡು ಕೋಣೆಯ ಮನೆ. ಕೆಂಪು ಗೇಟು ಬಂದಿರುವುದು ನೇರ ಅದರ ಎದುರಿಗೆ. ನಡುವೆ ಬೀದಿಯ ಅಗಲ ಬಿಟ್ಟರೆ ಬೇರೇನೂ ಇಲ್ಲ. ಅಂಗಡಿ ಅವಳ ಗಂಡನದು, ಮನೆ ಇಬ್ಬರದು. ಎರಡನೇ ಗೇಟಿನ ಗಾಳಿಸುದ್ದಿ ಬೀದಿಯಲ್ಲಿ ವರ್ಷದಿಂದ ಓಡಾಡುತ್ತಿತ್ತು. ಗಾಳಿಸುದ್ದಿ ಅಂತ ನಕ್ಕು ತಳ್ಳಿಹಾಕಿದವರಲ್ಲಿ ಅವಳೇ ಮೊದಲಿಗಳು, ಯಾಕೆಂದರೆ ಅಂಥದ್ದು ಇದ್ದರೆ ತಮ್ಮ ಹೇಳದೆ ಇರುತ್ತಿರಲಿಲ್ಲ.

ಯಾರ್ಡ್ ಸೂಪರ್‌ವೈಸರ್ ಅವಳ ತಮ್ಮ. ಒಂಬತ್ತು ವರ್ಷ ಚಿಕ್ಕವನು. ತಾಯಿ ತೀರಿಕೊಂಡಾಗ ಅವನು ಮೂರನೇ ತರಗತಿ, ಇವಳು ಆಗಲೇ ಕೆಲಸಕ್ಕೆ ಸೇರಿದವಳು. ಅವನ ಶಾಲೆಯ ಚೀಟಿಗಳಿಗೆ ಪೋಷಕರು ಅನ್ನುವ ಕಡೆ ಇವಳದೇ ಸಹಿ. ಗೋದಾಮಿಗೆ ಅವನನ್ನು ಹಮಾಲಿಯಾಗಿ ಸೇರಿಸಿದ್ದು ಇವಳು. ಈಗ ಅವನಿಗೆ ಎದೆ ಮೇಲೆ ಎರಡು ಪೆನ್ನು, ಬೆಲ್ಟಿಗೆ ವಾಕಿ-ಟಾಕಿ. ಜನ ಮುಂದೆ ಇದ್ದರೆ ಅವಳೂ ಅವನನ್ನು ಸಾರ್ ಅನ್ನುತ್ತಾಳೆ, ಅವನು ನಾಚಿಕೊಳ್ಳುತ್ತಾನೆ.

ಅವತ್ತು ಸಂಜೆ ಅವನೇ ಕೋಣೆಗೆ ಬಂದ.

"ಹೊಗೆ ಮೇಡಂ ಏನು ಕೇಳಿದ್ರು?"

"ಕಾಯ್ತವಾ ಅಂದ್ರು. ಇಲ್ಲ ಅಂದೆ. ಸಹಿ ಹಾಕಿಸ್ಕೊಂಡ್ರು."

"ಭೇಷ್!" ಅಂದ. ಉಸಿರು ಬಿಟ್ಟದ್ದು ಕೇಳಿಸಿತು. "ಅಕ್ಕಾ, ಹೊಸ ಬಾಗಿಲು ಬಂದ್ರೆ ಅದಕ್ಕೆಲ್ಲ ನಾನೇ ಮ್ಯಾನೇಜರು. ಮಾತು ಕೊಟ್ಟಿದ್ದಾರೆ."

"ಗೇಟು ನನ್ನ ಮನೆ ಬಾಗಿಲಿಗೆ ಅಂತ ಯಾಕೆ ಹೇಳಲಿಲ್ಲ?"

ಅವನು ವಾಕಿ-ಟಾಕಿಯ ಗುಂಡಿ ತಿರುಗಿಸುತ್ತ ನಿಂತ. "ಹೇಳಿದ್ರೆ ಭಾವ ಬೀದಿನೆಲ್ಲಾ ಎಬ್ಬಿಸ್ತಿದ್ದ. ಆಮೇಲೆ ನಿಮಗೆ ಬೇರೆ ಕಡೆ ಮನೆ ನೋಡೋಣ." ಹೊರಡುವಾಗ ಪೆಟ್ಟಿಗೆಯ ಕಡೆ ಕಣ್ಣು ಹಾಯಿಸಿದ. "ಆ ಪುಸ್ತಕಗಳನ್ನ ಮನೆಗೆ ತಗೊಂಡು ಹೋಗಿಬಿಡು. ಇಲ್ಲಿ ಬೇಡ."

ಹೊತ್ತು ಮುಳುಗುವ ಮೊದಲೇ ಅವಳು ಎರಡು ಸಲ ಬೀದಿ ದಾಟಿ ಹದಿನೆಂಟು ಪುಸ್ತಕವನ್ನು ಮನೆಗೆ ಸಾಗಿಸಿದಳು. ನಡೆಯುತ್ತಿದ್ದುದನ್ನು ಕೋಣೆಯಲ್ಲೇ ಇಟ್ಟಳು, ಮೈದಾನದಿಂದ ಫೋನು ಬರುತ್ತಲೇ ಇತ್ತಲ್ಲ. ಗಂಡ ಅಂಗಡಿಯ ಮುಂದೆ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತೆ ಅಂತ ನೋಡುತ್ತಿದ್ದ.

"ಏನೇ ಅದು, ಗೋದಾಮನ್ನೇ ಹೊತ್ಕೊಂಡು ಬಂದೆಯಾ?"

ಅವಳು ಕೂತು ಎಲ್ಲ ಹೇಳಿದಳು. ಅವನು ಟ್ಯೂಬ್ ಕೆಳಗಿಟ್ಟು ಕೈ ಒರೆಸಿಕೊಂಡ.

"ನಾನು ಏನೂ ಹೇಳಲ್ಲ," ಅಂದ. ಹಾಗಂದ ಮೇಲೆ ಅರ್ಧ ಗಂಟೆ ಹೇಳಿದ. ಈ ಬೀದಿಯಲ್ಲಿ ಕಿಟಕಿ ತೆರೆದು ಎಷ್ಟು ವರ್ಷವಾಯಿತು, ಒಗೆದ ಬಟ್ಟೆ ಎಲ್ಲಿ ಒಣಗಿಸುತ್ತೀಯ, ಹನ್ನೆರಡು ಬಾಗಿಲಿನ ಲಾರಿ ಅಂದರೆ ಎಷ್ಟು, ಬಾಗಿಲು ದಾಟಿ ಕಾಲಿಡುವುದು ಎಲ್ಲಿ. ಕೊನೆಗೆ, "ನಿನ್ನ ತಮ್ಮ ನಿನಗೆ ಮಗ ಇದ್ದ ಹಾಗೆ, ಅದು ನನಗೆ ಗೊತ್ತಿಲ್ಲವಾ? ಅದಕ್ಕೇ ಹೇಳ್ತಿಲ್ಲ," ಅಂದ.

"ಸಹಿ ಹಾಕಿ ಆಗಿದೆ," ಅಂದಳು ಅವಳು. "ಆಡಿದ ಮಾತು ಹೋಯ್ತು."

ಬುಧವಾರ ಮೇಡಂ ಗೋದಾಮಿನ ಒಳಗಿದ್ದರು. ಕರೆಂಟಿನ ಮೀಟರು, ಫೋರ್ಕ್‌ಲಿಫ್ಟ್ ಚಾರ್ಜು ಮಾಡುವ ಸಾಲು, ಮಾಲಿಗೆ ಸುತ್ತುವ ಪ್ಲಾಸ್ಟಿಕ್ಕಿನ ಸುರುಳಿ. ಹರಿದು ಬಿಸಾಡಿದ ಪ್ಲಾಸ್ಟಿಕ್ಕನ್ನೂ ಮೂಟೆ ಕಟ್ಟಿಸಿ ತಕ್ಕಡಿಗೆ ಹಾಕಿಸಿದರಂತೆ. ಮೈದಾನದಿಂದ ಬಂದ ಒಬ್ಬ ಡ್ರೈವರ್ ಕಿಟಕಿಗೆ ಬಗ್ಗಿ, "ಅಕ್ಕಾ, ನನ್ನ ಸಿಗರೇಟನ್ನೂ ತೂಕ ಮಾಡ್ತಾರಾ?" ಅಂದ. "ನಿನ್ನ ನಾಲಿಗೆಯನ್ನ ಮಾಡ್ತಾರೆ, ಭಾರ ಜಾಸ್ತಿ ಅಂತ ಒಳಗೇ ಬಿಡಲ್ಲ," ಅಂದಳು. ನಗಲಿಕ್ಕೆ ಮಾತ್ರ ಆಗಲಿಲ್ಲ.

ಮಧ್ಯಾಹ್ನ ಮೇಡಂ ಮತ್ತೆ ಟೀಗೆ ಬಂದಾಗ ಅವಳೇ ಕೇಳಿದಳು. "ಹೊಗೆಗೆ ತೂಕ ಇರತ್ತಾ ಮೇಡಂ?"

"ಇರತ್ತೆ. ನಿಂತ ಲಾರಿ ಎಂಜಿನ್ ಆಫ್ ಮಾಡದೆ ಇದ್ರೆ ಗಂಟೆಗೆ ಎರಡು ಮೂರು ಲೀಟರು ಡೀಸೆಲ್ ಕುಡಿಯತ್ತೆ. ಒಂದು ಲೀಟರು ಸುಟ್ರೆ ಎರಡೂವರೆ ಕಿಲೋಗಿಂತ ಹೆಚ್ಚು ಕೆಟ್ಟ ಗಾಳಿ."

"ಸುಟ್ಟ ಎಣ್ಣೆಗಿಂತ ಹೊಗೆ ಭಾರವಾ?"

"ಸುಡೋವಾಗ ಸುತ್ತಲ ಗಾಳಿಯನ್ನೂ ಸೇರಿಸ್ಕೊಳ್ಳತ್ತಲ್ಲ." ಮೇಡಂ ಹಲಗೆಯ ಅಂಚಿನಲ್ಲಿ ಲೆಕ್ಕ ಹಾಕಿ ತೋರಿಸಿದರು. "ನಿಮ್ಮಲ್ಲಿ ದಿನಕ್ಕೆ ತೊಂಬತ್ತು ಲಾರಿ. ತಲಾ ಹನ್ನೆರಡು ನಿಮಿಷ. ಒಟ್ಟು ಹದಿನೆಂಟು ಗಂಟೆ. ಇಷ್ಟು ದೊಡ್ಡ ಗೋದಾಮಿಗೆ ಇದು ಏನೂ ಅಲ್ಲ. ಇಷ್ಟು ಚೆನ್ನಾಗಿ ನಡೆಸೋ ಜಾಗ ನಾನು ನೋಡೇ ಇಲ್ಲ."

ಗೇಟಕ್ಕನಿಗೆ ತನ್ನ ಸರಾಸರಿ ಗೊತ್ತಿತ್ತು. ಯಾರೂ ಕೇಳದಿದ್ದರೂ ಅವಳು ತಿಂಗಳ ಕೊನೆಗೆ ತೆಗೆದಿಡುತ್ತಾಳೆ. ಎರಡು ಗಂಟೆ ನಲವತ್ತು ನಿಮಿಷ. ತೊಂಬತ್ತು ಲಾರಿಗೆ ಇನ್ನೂರ ನಲವತ್ತು ಗಂಟೆ. ಎಂಜಿನ್ ಆರಿಸುವವರೂ ಇದ್ದಾರೆ, ಆರಿಸದವರೇ ಹೆಚ್ಚು. ಹದಿನೆಂಟಕ್ಕೂ ಇನ್ನೂರ ನಲವತ್ತಕ್ಕೂ ನಡುವೆ ಇದ್ದದ್ದು ಅವಳ ಒಂದು ಸಹಿ.

"ಮೇಡಂ, ನಿನ್ನೆ ನಾನು..." ಅಂತ ಶುರುಮಾಡಿದಳು.

"ಮೇಡಂ, ಛಾವಣಿಯ ಮೀಟರ್ ತೆರೆಸಿದ್ದೀನಿ," ಅಂತ ತಮ್ಮ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಮೇಡಂ ಲೋಟ ಇಟ್ಟು ಎದ್ದರು. ಅವನು ಒಂದು ಕ್ಷಣ ಹಿಂದೆ ಉಳಿದ. "ಅಕ್ಕಾ," ಅಂದ, ಅಷ್ಟೇ. ಚಿಕ್ಕವನಿದ್ದಾಗ ಕತ್ತಲ ಕೋಣೆಗೆ ಹೋಗಬೇಕಾದಾಗ ಹಾಗೆ ಕರೆಯುತ್ತಿದ್ದ.

ಗುರುವಾರ ಕೊನೆಯ ದಿನ. ಮಧ್ಯಾಹ್ನ ಎರಡಕ್ಕೆ ಮೇಡಂ ಹೊರಡುವವರು. ಬೆಳಿಗ್ಗೆ ಎಂಟೂ ನಲವತ್ತಕ್ಕೆ, ಯಾರೂ ಕರೆಯದ ಒಂದು ಫ್ರಿಜ್ ಗಾಡಿ ಬೀದಿಯ ತಿರುವು ದಾಟಿ ಬಂದು ಗೋಡೆಗೆ ಒತ್ತಿ ನಿಂತಿತು. ನೋಡದೆಯೂ ಅವಳಿಗೆ ಗೊತ್ತಾಯಿತು. ಆ ಗಾಡಿಗಳ ದೊಡ್ಡ ಎಂಜಿನ್ ಆರಿದರೂ ನೆತ್ತಿಯ ಮೇಲಿನ ಚಿಕ್ಕದು, ತಂಪು ಮಾಡುವುದು, ಗುರ್ರ್ ಅನ್ನುತ್ತಲೇ ಇರುತ್ತದೆ. ಅದು ಬೀದಿಯ ಕಿಟಕಿಗಳನ್ನು ನಡುಗಿಸುವ ಸದ್ದು.

ಡ್ರೈವರ್ ತಲೆ ನೆರೆತವನು, ಎಲ್ಲರೂ ಅಜ್ಜ ಅನ್ನುವವನು. ಇಳಿದು ಕಿಟಕಿಗೆ ಬಂದ. ಮುಖದಲ್ಲಿ ಕಳೆ ಇರಲಿಲ್ಲ.

"ಅಕ್ಕಾ, ಒಳಗಿರೋದು ಔಷಧಿ. ಎಂಟು ಡಿಗ್ರಿ ದಾಟಿದ್ರೆ ಪೂರ್ತಿ ಎಸೀಬೇಕು. ಆ ಮೈದಾನದಲ್ಲಿ ಕರೆಂಟ್ ಕೊಡೋ ಪ್ಲಗ್ಗೂ ಇಲ್ಲ, ಏನೂ ಇಲ್ಲ. ಮೇಲಿನ ಎಂಜಿನ್ನಿಗೆ ಎಣ್ಣೆ ತಳ ಕಾಣ್ತಿದೆ. ಈಗಲೇ ಆರೂವರೆ ಡಿಗ್ರಿ ಇದೆ. ನಾನು ವಾಪಸ್ ಹೋಗಲ್ಲ."

ಅವಳು ಕಂಪ್ಯೂಟರ್ ಪರದೆ ನೋಡಿದಳು. ಹದಿನಾಲ್ಕು ಬಾಗಿಲೂ ಭರ್ತಿ. ಬಾಗಿಲು ಆರರಲ್ಲಿ ಇಳಿಸುವುದು ಮುಗಿಯಲು ಇನ್ನೂ ಮುಕ್ಕಾಲು ಗಂಟೆ. ಕೋಣೆಯ ವಾಕಿ-ಟಾಕಿಯಲ್ಲಿ ತಮ್ಮನ ದನಿ ಸಿಡಿಯಿತು. "ಬೀದಿಯಲ್ಲಿ ಯಾರದು ಆ ಗಾಡಿ? ಮೇಡಂ ಛಾವಣಿ ಮೇಲಿದ್ದಾರೆ, ಇಳಿಯೋಕೆ ಮುಂಚೆ ಕಳಿಸು!"

"ಕಳಿಸಿದ್ರೆ ಮಾಲು ಹೋಗತ್ತೆ. ಆರನೇ ಬಾಗಿಲಿಗೆ ಇನ್ನಿಬ್ಬರು ಹಮಾಲರನ್ನ ಹಾಕು, ಬೇಗ ಖಾಲಿ ಮಾಡಿಸು."

"ಮೊದಲು ಕಳಿಸು ಅಂದ್ನಲ್ಲಾ!"

ಒಂಬತ್ತಕ್ಕೆ ಏಳು ಡಿಗ್ರಿ. ಅಜ್ಜ ಗಾಡಿಯ ಬದಿಗೆ ಕೂರಿಸಿದ ಅಂಕಿಯ ಕೆಳಗೇ ನಿಂತಿದ್ದ, ಜ್ವರದ ಮಗುವಿನ ಪಕ್ಕ ನಿಂತ ಹಾಗೆ. ಗೇಟಕ್ಕ ಆರನೇ ಬಾಗಿಲಿನ ಹಮಾಲರಿಗೆ ತಾನೇ ಫೋನ್ ಮಾಡಿದಳು. ಅಷ್ಟರಲ್ಲಿ ಛಾವಣಿಯ ಏಣಿಯಿಂದ ಬೂಟಿನ ಸದ್ದು ಇಳಿಯಿತು. ಮೇಡಂ ಗೇಟು ದಾಟಿ ನೇರ ಬೀದಿಗೆ ಹೋದರು. ಹಿಂದೆಯೇ ತಮ್ಮ, ಓಡುನಡಿಗೆಯಲ್ಲಿ. ಕೋಣೆಯಲ್ಲಿ ಕೂತಿರಲಾರದೆ ಇವಳೂ ಹೊರಗೆ ಬಂದಳು.

"ಮೇಲಿನ ಎಂಜಿನ್ ಎಷ್ಟು ಹೊತ್ತಿನಿಂದ ಓಡ್ತಿದೆ?" ಮೇಡಂ ಅಜ್ಜನನ್ನು ಕೇಳಿದರು.

"ನಿನ್ನೆ ಸಂಜೆಯಿಂದ."

"ನೀವು ಬಂದದ್ದೇ ಈಗ ಅಲ್ವಾ?"

"ಇಲ್ಲಿಗೆ ಈಗ. ಮೈದಾನಕ್ಕೆ ನಿನ್ನೆ ಸಂಜೆ. ಸರಿಯಾದ ಹೊತ್ತು ನನಗೆ ನೆನಪಿಲ್ಲ ಮೇಡಂ. ಅಕ್ಕನ ಪುಸ್ತಕದಲ್ಲಿ ಇರತ್ತೆ, ನೋಡಿ." ಅಜ್ಜ ಸಹಜವಾಗಿ ಅಂದ. ಹನ್ನೊಂದು ವರ್ಷದಿಂದ ಯಾವ ತಕರಾರಿಗೂ ಅವರೆಲ್ಲ ಹೇಳುವ ಮಾತು ಅದು. ಯಾರ ಮುಂದೆ ಹೇಳಬಾರದು ಅಂತ ಅವನಿಗೆ ಹೇಳಿದವರಿರಲಿಲ್ಲ.

"ಯಾವ ಪುಸ್ತಕ?"

ನೆತ್ತಿಯ ಎಂಜಿನ್ ಗುರ್ರೆನ್ನುತ್ತಲೇ ಇತ್ತು. ಪಂಕ್ಚರ್ ಅಂಗಡಿಯ ಮುಂದೆ ಗಂಡ ಟೈರಿಗೆ ಕೈಯಿಟ್ಟವನು ಹಾಗೇ ನಿಂತಿದ್ದ.

ತಮ್ಮ ನಕ್ಕ. "ಅಯ್ಯೋ, ಅದೇನೂ ಅಲ್ಲ ಮೇಡಂ. ಗೇಟಲ್ಲಿ ಹೊತ್ತು ಹೋಗಬೇಕಲ್ಲ, ಅಕ್ಕ ಏನೋ ಗೀಚ್ತಿರ್ತಾಳೆ. ಮಕ್ಕಳು ಗೋಡೆ ಮೇಲೆ ಗೀಚಲ್ವಾ, ಹಾಗೆ."

ಅವಳು ನುಣುಚಿಕೊಳ್ಳಲು ಅವನು ಬಾಗಿಲು ತೆರೆದುಕೊಟ್ಟಿದ್ದ. ಹೌದು ಮೇಡಂ ಅಂದಿದ್ದರೆ ಮುಗಿಯುತ್ತಿತ್ತು. ಎಲ್ಲರೂ ಅವಳ ಮುಖ ನೋಡಿದರು. ಮಳೆ ಬಂದ ದಿನ ಪುಸ್ತಕ ನೆನೆಯದಿರಲಿ ಅಂತ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬರೆದವಳು ಅವಳು. ಗಡಿಯಾರ ಎರಡು ನಿಮಿಷ ಹಿಂದೆ ಬಿದ್ದಿದೆ ಅಂತ ತಿಳಿದ ದಿನ ಆ ಪುಟವನ್ನೇ ಪೂರ್ತಿ ತಿದ್ದಿ ಬರೆದವಳು.

"ಗೀಚಿದ್ದಲ್ಲ," ಅಂದಳು. ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು. "ಸರದಿ ಪುಸ್ತಕ ಮೇಡಂ. ಯಾವ ಲಾರಿ ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಕರೆದೆ, ಎಲ್ಲಾ ಇದೆ. ಮಂಗಳವಾರ ನಾನು ನಿಮಗೆ ಹೇಳಿದ್ದು ಸುಳ್ಳು."

"ಅಕ್ಕಾ!" ಅಂದ ತಮ್ಮ.

"ನೀನು ಮೊದಲು ಆರನೇ ಬಾಗಿಲು ಖಾಲಿ ಮಾಡಿಸಪ್ಪಾ," ಅಂದಳು ಅವನ ಕಡೆ ತಿರುಗದೆ. "ಮಾಲು ಕೆಡತ್ತೆ."

ಅವನು ಹೋದ. ಒಂಬತ್ತೂ ಹತ್ತೊಂಬತ್ತಕ್ಕೆ ಅವಳು ಕಂಬಿ ಏರಿಸಿದಳು. ಒಳಗೆ ಹೋಗುವಾಗ ಗಾಡಿಯ ಅಂಕಿ ಏಳೂವರೆ ತೋರಿಸುತ್ತಿತ್ತು. ಅವಳು ನಂಬರಿನ ಎದುರು ಹೊತ್ತು ಬರೆದು, ಪುಸ್ತಕವನ್ನು ಮೇಡಂ ಕೈಗೆ ಕೊಟ್ಟಳು.

ಮೇಡಂ ನಿಂತೇ ಪುಟ ತಿರುವಿದರು. ಹತ್ತಿಪ್ಪತ್ತು ಪುಟವಾದ ಮೇಲೆ ಬೆಂಚಿನ ಮೇಲೆ ಕೂತರು. "ಇಂಥವು ಎಷ್ಟಿವೆ?"

"ಇನ್ನು ಹದಿನೆಂಟು. ಮನೆಯಲ್ಲಿವೆ. ಎದುರಿಗೇ ಮನೆ."

"ಮಂಗಳವಾರದ ಕಾಗದ ಹರಿಯೋಕೆ ಬರಲ್ಲ ಅಕ್ಕಾ. ಸುಳ್ಳು ಹೇಳಿದ್ದೂ ನಗರ ಕಚೇರಿಗೆ ಹೋಗತ್ತೆ, ತಿದ್ದಿದ್ದೂ ಹೋಗತ್ತೆ. ಎರಡರ ಕೆಳಗೂ ನಿಮ್ಮ ಸಹಿ ಇರತ್ತೆ. ನಿಮ್ಮ ಮೇಲಿನವರು ಎರಡನ್ನೂ ಓದ್ತಾರೆ. ಒಂದು ದಿನ ಯೋಚನೆ ಮಾಡ್ತೀರಾ?"

"ಬೇಡ. ನಾಳೆವರೆಗೆ ಬಿಟ್ರೆ ನಾನು ಬರೆಯಲ್ಲ."

ಹೊಸ ಕಾಗದದಲ್ಲಿ ಅವಳೇ ಬರೆದಳು. ಹೊರಗೆ ಕಾಯುವುದು ಸರಾಸರಿ ಎರಡು ಗಂಟೆ ನಲವತ್ತು ನಿಮಿಷ. ಈ ಮೂರು ದಿನ ಲಾರಿಗಳನ್ನು ಬೇರೆ ಕಡೆ ನಿಲ್ಲಿಸಲಾಗಿತ್ತು. ಯಾರ ಮಾತಿನ ಮೇಲೆ ನಿಲ್ಲಿಸಲಾಯಿತು ಅನ್ನುವ ಸಾಲಿಗೆ ಬಂದಾಗ ಪೆನ್ನು ನಿಂತಿತು. ಎರಡು ಲಾರಿ ಹೊರಗೆ ಹೋದವು, ಅವಳು ಗುಂಡಿ ಒತ್ತಿದಳು, ಮತ್ತೆ ಕೂತಳು. ಆಮೇಲೆ ಬರೆದಳು: ಯಾರ್ಡ್ ಸೂಪರ್‌ವೈಸರ್. ತಮ್ಮ ಅಂತ ಬರೆಯುವ ಜಾಗ ಆ ಕಾಗದದಲ್ಲಿ ಇರಲಿಲ್ಲ.

ಹದಿನೆಂಟು ಪುಸ್ತಕವನ್ನು ಗಂಡ ಟ್ಯೂಬು ಸಾಗಿಸುವ ತಳ್ಳುಗಾಡಿಯಲ್ಲಿ ತಂದ. ಮೇಡಂ ಒಂದೊಂದಕ್ಕೂ ಚೀಟಿ ಬರೆದುಕೊಟ್ಟು ಕಾರಿನ ಹಿಂಬದಿಯಲ್ಲಿ ಇಟ್ಟುಕೊಂಡರು. ತಮ್ಮ ಬಾಗಿಲು ಆರರ ಹತ್ತಿರ ಬೆನ್ನು ಹಾಕಿ ನಿಂತಿದ್ದ. ಮೇಡಂ ಹೋದ ಮೇಲೆ ಕೋಣೆಯ ಮುಂದೆ ಹಾದುಹೋಗುವಾಗ, "ಬಕೆಟ್ಟು ದಾರಿಗಡ್ಡ ಇದೆ, ತೆಗೀರಿ," ಅಂದ. ಜನ ಯಾರೂ ಇರಲಿಲ್ಲ. ಆದರೂ ತೆಗೀರಿ ಅಂದ.

ಸೋಮವಾರದಿಂದ ಗೇಟಕ್ಕನನ್ನು ವಾಪಸ್ ಬಂದ ಮಾಲಿನ ವಿಭಾಗಕ್ಕೆ ಹಾಕಿದ್ದಾರೆ. ಅಲ್ಲಿ ಕಿಟಕಿ ಇಲ್ಲ. ಲಾರಿಗಳು ಮತ್ತೆ ಪಕ್ಕದ ಬೀದಿಯಲ್ಲೇ ನಿಲ್ಲುತ್ತಿವೆ. ಸರದಿ ಬರೆಯುವವರಿಲ್ಲದೆ ಮೊದಲ ವಾರದಲ್ಲೇ ಎರಡು ಸಲ ಜಗಳವಾಗಿದೆ. ಮರುಅಳತೆ ಮುಂದಿನ ತಿಂಗಳು, ಯಾವತ್ತಿನಿಂದ ಅಂತ ಈ ಸಲ ಮುಂಚೆ ಹೇಳದೆ, ಹತ್ತು ದಿನ. ಎರಡನೇ ಗೇಟಿನ ಅರ್ಜಿಯ ವಿಚಾರಣೆ ಅದೇ ತಿಂಗಳ ಇಪ್ಪತ್ತಕ್ಕೆ, ಹತ್ತೂವರೆಗೆ, ನಗರ ಕಚೇರಿಯಲ್ಲಿ. ಗೋದಾಮಿನಿಂದ ಹೇಳಿಕೆ ಕೊಡಲು ಇಬ್ಬರಿಗೆ ಪತ್ರ ಬಂದಿದೆ, ಒಂದು ಅಕ್ಕನಿಗೆ, ಒಂದು ತಮ್ಮನಿಗೆ.